ಹೊಸ ಡ್ರೈವರ್

"ಹೊಸ ಡ್ರೈವರ್ ಬಂತು" ಅಂದದ್ದಕ್ಕೆ ಕಾತ್ಯಾಯಿನಿ
ಒಗ್ಗರಣೆ ಸೌಟು ಹಿಡಿದೇ ಬಾಗಿಲಿಗೆ ಬಂದು
ಬೀದಿಯ ಎರಡೂ ಕಡೆ ನೋಡಿದಳು.
"ಇರೋದು ಒಂದು ಸ್ಕೂಟರು.
ಅದಕ್ಕೆ ಡ್ರೈವರ್ ಬೇರೆ ಕೇಡು."

ಉದ್ದನೆಯ ಪೆಟ್ಟಿಗೆ ಬಿಚ್ಚಿ ತೋರಿಸಿದೆ:
ಗುಂಡು ಬದನೆಯಂಥ ಕಪ್ಪು ತಲೆ,
ಟೈಟಾನಿಯಂ, ಒಳಗೆ ಟೊಳ್ಳು.
ಸೌಟಿನಿಂದ ಒಮ್ಮೆ ತಟ್ಟಿ ಕೇಳಿ
"ಟೊಳ್ಳಿಗೇ ಬೆಲೆ ಈಗ" ಅಂದು ಒಳಗೆ ಹೋದಳು.

ಹೆಬ್ಬಾಳದ ಮೇಲ್ಸೇತುವೆ ತುಂಬುವ ಮೊದಲೇ ದಾಟಿ
ಹೆಣ್ಣೂರಿನಾಚೆ, ಹಸಿರು ಬಲೆ ಕಟ್ಟಿದ ಬಯಲಿಗೆ
ಕಾಲ ನಡುವೆ ಅದನ್ನು ನಿಲ್ಲಿಸಿಕೊಂಡು ಹೋದೆ.
ಮೊದಲ ಚೆಂಡು ನೆಟ್ಟಗೆ ಹೊರಟಿತು.
ಅರ್ಧ ದಾರಿಯಲ್ಲಿ, ಮನೆ ಬೀಗ ಹಾಕಿದೆನೋ ಇಲ್ಲವೋ
ಎಂದು ನೆನಪಾದವರ ಹಾಗೆ, ಬಲಕ್ಕೆ ತಿರುಗಿತು.
ಎರಡನೆಯದೂ. ಹನ್ನೊಂದನೆಯದೂ.
ಸ್ಲೈಸ್ ಅನ್ನುತ್ತಾರೆ ಇದಕ್ಕೆ. ಬೇಕರಿಯ ಮಾತು.

ಹಳೆಯ ಕೋಲು, ಭಾನುವಾರದ ಸಂತೆಯಲ್ಲಿ
ಎಂಟುನೂರಕ್ಕೆ ಚೌಕಾಸಿ ಮಾಡಿದ್ದು,
ದೂರ ಹೋಗುತ್ತಿರಲಿಲ್ಲ ನಿಜ.
ಹೇಳಿದ ಕಡೆ ಬೀಳುತ್ತಿತ್ತು.

ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಬೇರೆಯವರ ತಪ್ಪು ಹಿಡಿದ ಕಣ್ಣು ಇದು.
ಸುಮ್ಮನಿರುತ್ತದೆಯೇ?
ಮರುದಿನ ವರ್ನಿಯರ್ ಒಯ್ದೆ, ಟೀ ಎತ್ತರ ಅಳೆದೆ,
ಅರ್ಧ ಚೆಂಡು ತಲೆಯ ಮೇಲೆ ಕಾಣಬೇಕು, ಕಂಡಿತು.
ಕಾತ್ಯಾಯಿನಿಯ ಪೌಡರ್ ಡಬ್ಬಿ ಕದ್ದು ತಂದು
ಕೋಲಿನ ಮುಖಕ್ಕೆ ಹಚ್ಚಿದೆ, ಮದುಮಗಳಿಗೆ ಹಚ್ಚುವ ಹಾಗೆ.
ಪ್ರತಿ ಏಟಿಗೂ ಒಂದು ಬೊಟ್ಟು:
ಹಿಮ್ಮಡಿಯ ಕಡೆಗೆ ಐದು,
ನಡುಹಣೆಗೆ ಒಂದೇ ಒಂದು, ಅದೂ ಅಕಸ್ಮಾತ್ತು.
ಕೀಲಿ ಹಾಕಿ ಕುತ್ತಿಗೆಯನ್ನು ಅರ್ಧ ಡಿಗ್ರಿ ತಿರುಗಿಸಿದೆ.
ಚೆಂಡು ಬಲಕ್ಕೇ ಹೋಯಿತು,
ಇನ್ನಷ್ಟು ಎತ್ತರದಲ್ಲಿ.

ಬಲೆಯ ಪಕ್ಕದಲ್ಲಿ ಬುಟ್ಟಿ ಇಟ್ಟು ಸುಧಾರಿಸಿಕೊಳ್ಳುತ್ತಿದ್ದ
ಲೂರ್ದು ಮೇರಿ ನಕ್ಕಳು.
"ನೀವು ಬಂದ ದಿನ ನನಗೆ ಗೊತ್ತಾಗುತ್ತೆ ಸಾರ್,
ಹೊಂಗೆ ಮರದ ಬುಡದಲ್ಲಿ ಎರಡು ಬುಟ್ಟಿ.
ಹಲ್ಲಿನ ಡಾಕ್ಟರಮ್ಮಂದು ಎಡಗಡೆ, ಮೋರಿ ಹತ್ತಿರ.
ಆ ಕಂಟ್ರಾಕ್ಟರ್ ಸಾರ್ ಪಾಪ, ಇಲ್ಲೇ ಮುಂದೆ,
ಬಗ್ಗಿದರೆ ಸಿಗುತ್ತೆ."
ಹದಿನಾರು ವರ್ಷ ಹೆಕ್ಕಿದ್ದಾಳೆ.
ಒಂದನ್ನೂ ಹೊಡೆದಿಲ್ಲ.

"ಏನಮ್ಮ ಮಾಡೋದು?" ಅಂದೆ, ಕೇಳಬಾರದೆಂದುಕೊಂಡೇ.
"ಹಳೇ ಕೋಲಲ್ಲಿ ಚೆಂಡು ಹೊಡೀತಿದ್ರಿ.
ಇದರಲ್ಲಿ ದುಡ್ಡು ವಸೂಲಿ ಮಾಡ್ತಿದ್ದೀರಿ.
ಕೈ ನೋಡ್ಕೊಳ್ಳಿ."

ನೋಡಿಕೊಂಡೆ.
ಬೆರಳ ಗೆಣ್ಣುಗಳೆಲ್ಲ ಬೆಳ್ಳಗೆ,
ಕಿಕ್ಕಿರಿದ ಬಸ್ಸಿನಲ್ಲಿ ಕಂಬಿ ಹಿಡಿದ ಕೈ.

ಹೇರ್‌ಸ್ಪ್ರಿಂಗ್ ಅಂತ ಒಂದಿರುತ್ತದೆ ಗಡಿಯಾರದೊಳಗೆ,
ಕೂದಲಿಗಿಂತ ತೆಳುವಾದ ಸುರುಳಿ.
ಚಿಮಟದಲ್ಲಿ ಬಿಗಿ ಹಿಡಿದರೆ ಅದು ಸತ್ತಂತೆ,
ಸಡಿಲ ಬಿಟ್ಟರೆ ಹಾರಿ
ಯಾರದೋ ಮೇಜಿನ ಕೆಳಗೆ.
ಹೊಸ ಹುಡುಗರ ಮಣಿಕಟ್ಟು ಹಿಡಿದು
ಆ ನಡುವಿನ ಹದ ಕಲಿಸಿದವನು ನಾನೇ.
ತಲೆಗೆ ನೆನಪಿದೆ ಎಲ್ಲ, ಇಸವಿ ಸಮೇತ.
ಕೈ ಮರೆತಿತ್ತು.

ಒಂದು ಗೇಣು ಹಿಂದೆ ಸರಿದು ನಿಂತೆ,
ಚೆಂಡು ಎಡ ಹಿಮ್ಮಡಿಯ ಎದುರಿಗೆ.
ಹಿಡಿದೆ, ಹಿಡಿಯದವನ ಹಾಗೆ.
ಕೋಲು ತನ್ನ ಭಾರಕ್ಕೆ ತಾನೇ ಇಳಿದು ಬಂತು,
ಸದ್ದು ಬೇರೆ ಕೇಳಿತು, ಕಿವಿಗಿಂತ ಮೊದಲು ಅಂಗೈಗೆ.
ಇನ್ನೂರರ ಹಲಗೆಯ ಮೇಲಿನ ಮೈನಾ ಎದ್ದು ಹೋಯಿತು.
ಪೌಡರಿನ ನಡುವೆ
ದುಂಡಗೆ ಒಂದು ಬೊಟ್ಟು.

ಮುಂದಿನದು? ಮತ್ತೆ ಹೊಂಗೆಗೆ.
ಅದರ ಮುಂದಿನದು ಬಾಗಿತು, ಸ್ವಲ್ಪ,
ನಾಚಿಕೆ ಇದ್ದವರ ಹಾಗೆ.

ತಿರುಗಿ ನೋಡಿದೆ, ಏನಾದರೂ ಅನ್ನುತ್ತಾಳೇನೋ ಎಂದು.
ಲೂರ್ದು ಮೇರಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟು
ಬಯಲ ನಡುವಿಗೊಮ್ಮೆ ಕಣ್ಣು ಹಾಯಿಸಿ
ಏನೋ ಲೆಕ್ಕ ಹಾಕಿ
ಹೊಂಗೆ ಮರದ ಕಡೆಗೇ ನಡೆದಳು.