ಬಾಕಿ ಹದಿನಾರು ನಿಮಿಷ

ಉಸ್ಕುದಾರಿನಿಂದ ಈಚೆ ದಡಕ್ಕೆ ದಾರಿ ಎರಡು.
ಸಮುದ್ರದ ಹೊಟ್ಟೆಯಡಿ ಸುರಂಗದ ರೈಲು: ನಾಲ್ಕೇ ನಿಮಿಷ.
ಮೇಲೆ, ಬಣ್ಣ ಸುಲಿದ ಬಿಳಿ ಹಡಗು: ಇಪ್ಪತ್ತು.

ನಾನು ಕೆಳಗಿನವನು. ನಜೀಹೆ ಮೇಲಿನವಳು.
ಒಂದೇ ಕಚೇರಿ, ಎದುರುಬದುರು ಮೇಜು,
ಬಂದರಿಗಿಳಿದ ಸರಕಿಗೆಲ್ಲ ಸುಂಕದ ಪಟ್ಟಿ ಬರೆಯುವ ಕೆಲಸ:
ಎರಡು ಟನ್ ಅಂಗಿಗುಂಡಿ,
ನಲವತ್ತು ಪೆಟ್ಟಿಗೆ ಗಡಿಯಾರದ ಮುಳ್ಳು.

ಒಂಬತ್ತು ವರ್ಷ ಆಡಿಕೊಂಡೆ ಅವಳನ್ನು.
'ದಿನಾ ಹೋಗ್ತಾ ಹದಿನಾರು, ಬರ್ತಾ ಹದಿನಾರು
ನೀರಿಗೆ ಹಾಕ್ತೀಯಲ್ಲ ಮಾರಾಯ್ತಿ!'
ಅವಳು ತಲೆಯೆತ್ತದೆ ಹಾಳೆ ತಿರುವುವಳು.

ಪುರುಸೊತ್ತಿನ ಹೆಂಗಸಲ್ಲ ಅವಳು.
ಮನೆಯಲ್ಲಿ ಅವಳಿ ಹುಡುಗರು, ಹಾಸಿಗೆ ಹಿಡಿದ ಅತ್ತೆ,
ಲಿಫ್ಟಿಲ್ಲದ ಐದನೇ ಮಹಡಿ,
ರಾತ್ರಿ ಹನ್ನೊಂದಕ್ಕೆ ಊರವರ ಪರದೆಗಳಿಗೆ ಹೊಲಿಗೆ.
ಸಾಲದ್ದಕ್ಕೆ ನಮ್ಮ ತಾರಿಕ್ ಸಾಹೇಬರು,
ಊಟದ ನಡುವೆ ಫೋನು, ಫೋನಿನ ನಡುವೆ ಫೋನು.

ನವೆಂಬರಿನ ಒಂದು ಬೆಳಗ್ಗೆ ಸಿಗ್ನಲ್ ಕೆಟ್ಟು
ಸುರಂಗ ಬಾಯಿ ಮುಚ್ಚಿತು.
ಶಪಿಸುತ್ತ ಮೇಲೆ ಬಂದೆ, ಹಡಗು ಹತ್ತಿದೆ.
ಪ್ರವಾಸಿಗರು ಹಕ್ಕಿಗೆ ರೊಟ್ಟಿ ಎಸೆಯುತ್ತಿದ್ದರು,
ಗುಮ್ಮಟಗಳ ಪಟ ತೆಗೆಯುತ್ತಿದ್ದರು.
ನಜೀಹೆ ಅಲ್ಲಿರಲಿಲ್ಲ.

ಒಳಗಿದ್ದಳು, ಎಂಜಿನ್ ಕೋಣೆಯ ಗೋಡೆಗಾತು,
ಕಿಟಕಿಗೆ ಬೆನ್ನು ಕೊಟ್ಟು.
ಚಪ್ಪಲಿ ಬಿಟ್ಟು ಬಿಸಿ ಕೊಳವೆಯ ಮೇಲೆ ಅಂಗಾಲು ಇಟ್ಟಿದ್ದಳು.
ಎಡಗಾಲ ಕಾಲುಚೀಲಕ್ಕೆ ತೂತು.
ಮಡಿಲಲ್ಲಿ ಒಂದು ಕಿತ್ತಳೆ.

'ಸಮುದ್ರ ನೋಡಲ್ವಾ?'
'ಅದೆಲ್ಲಿ ಹೋಗತ್ತೆ.'

ಸಿಪ್ಪೆ ತುಂಡಾಗದಂತೆ ಸುತ್ತಿ ಸುತ್ತಿ ಸುಲಿದಳು.
ತೊಳೆ ತೊಳೆಗಂಟಿದ ಬಿಳಿ ನಾರನ್ನು
ಮಗುವಿನ ಕೂದಲಿಂದ ಹೇನು ಹೆಕ್ಕುವ ಹಾಗೆ ಬಿಡಿಸಿದಳು.
ಚೀಲದೊಳಗೆ ಫೋನು ಬಡಿದುಕೊಂಡಿತು, ಸುಮ್ಮನಾಯಿತು,
ಮತ್ತೆ ಬಡಿದುಕೊಂಡಿತು.
ನನ್ನ ಕೈ ನನ್ನ ಜೇಬಿಗೆ ಹೋಯಿತು, ಅದು ನನ್ನದಲ್ಲದಿದ್ದರೂ.

'ಅಷ್ಟೊಂದು ಅವಸರದ ಬದುಕಲ್ಲಿ ಹೇಗೆ ಕೂರ್ತೀಯೆ ಹೀಗೆ?'
ಒಂದು ತೊಳೆ ನನ್ನ ಕೈಗಿತ್ತು
'ಅವಸರ ಇದೆ ಹಿಕ್ಮತ್,' ಅಂದಳು, 'ಅದಕ್ಕೇ.'
ಆಮೇಲೆ ದಡ ಮುಟ್ಟುವ ತನಕ ಮಾತಿಲ್ಲ.
ಕಾಲು ಸರಿಸಿ ಕೊಳವೆಯ ಮೇಲೆ ಜಾಗ ಮಾಡಿದಳು. ಅಷ್ಟೆ.

ಆ ರಾತ್ರಿ ಹಳೆ ರಸೀದಿಯ ಬೆನ್ನಿಗೆ ಲೆಕ್ಕ ಬರೆದೆ:
ದಿನಕ್ಕೆ ಮೂವತ್ತೆರಡು, ವರ್ಷಕ್ಕೆ ಇನ್ನೂರೈವತ್ತು ದಿನ,
ಒಂಬತ್ತು ವರ್ಷ.
ಎಂಟರಿಂದೆಂಟಕ್ಕೆ ಕೂಡಿ ಕಳೆದು
ಹಗಲು ರಾತ್ರಿ ಸೇರಿಸಿ ಸರಿಯಾಗಿ ಐವತ್ತು ದಿನ
ಉಳಿಸಿದ್ದೆ ನಾನು!

ಎಲ್ಲಿಟ್ಟೆ?
ಯಾವ ಡಬ್ಬಿಯಲ್ಲಿ, ಯಾವ ಬ್ಯಾಂಕಿನಲ್ಲಿ?
ಬೇಗ ಬಂದು ಕೂತವನಿಗೆ ಸಾಹೇಬರು
ಎರಡು ಕಡತ ಹೆಚ್ಚು ಕೊಟ್ಟಿದ್ದರು. ಅದು ನೆನಪಿದೆ.
ಮಿಕ್ಕಿದ್ದು ಸಮುದ್ರದಲ್ಲಿ ಹುಣಸೆ ಕಿವುಚಿದ ಹಾಗೆ.
ನೀರಿಗೆ ಹಾಕಿದವನು ನಾನು.
ಅವಳು ನೀರಿನ ಮೇಲೆ ಕೂತು
ಒಂದೊಂದೇ ತೊಳೆ ತಿಂದಿದ್ದಳು.

ಇಷ್ಟಾದರೂ ನಾನೇನು ಬದಲಾದವನಲ್ಲ.
ಈಗಲೂ ಸುರಂಗದಲ್ಲೇ ನನ್ನ ಓಡಾಟ,
ಬಾಗಿಲು ತೆರೆಯುವ ಮೊದಲೇ ಬಾಗಿಲಿಗೆ ಮೂಗು.
ಗುರುವಾರ ಮಾತ್ರ ಮೇಲೆ ಬರುತ್ತೇನೆ.
ಅವಳು ಒಮ್ಮೊಮ್ಮೆ ಇರುತ್ತಾಳೆ, ಒಮ್ಮೊಮ್ಮೆ ಇಲ್ಲ.

ಹೋದ ವಾರ ನಾನೇ ಒಂದು ಕಿತ್ತಳೆ ಒಯ್ದೆ.
ಉಗುರು ಆಳಕ್ಕೆ ಹೋಗಿ ರಸ ಚಿಮ್ಮಿತು ಕಣ್ಣಿಗೆ,
ಸಿಪ್ಪೆ ಏಳು ಚೂರಾಯಿತು.
ಅಷ್ಟರಲ್ಲಿ ಕಟ್ಟೆ ಬಂತು, ಹಗ್ಗ ಎಸೆದರು,
ಅರೆ ಸುಲಿದ ಹಣ್ಣನ್ನು ಕೋಟಿನ ಜೇಬಿಗಿಳಿಸಿ ಓಡಿದೆ.

ಮಧ್ಯಾಹ್ನ ಮೂರಕ್ಕೆ, ಸುಂಕದ ಪಟ್ಟಿಯಲ್ಲಿ
ಬೆರಳಿಟ್ಟು ಸಾಲು ಹುಡುಕುವಾಗ
ಬೆರಳು ಘಮ್ಮೆಂದಿತು.
ಸಾಲು ತಪ್ಪಿತು.
ಮೊದಲಿಂದ ಓದಿದೆ, ನಿಧಾನ.