ಡಬ್ಬ ಹಾಕಿದ ಗ್ಲಾಸು

ಬೆಟಗೇರಿಯಾಗ ಮಗ್ಗ ಸುಮ್ಮನಾಗೋ ಸೋಮವಾರ
ಸಂಜಿ ಆರಕ್ಕ, ಬಾಕಳೆಯವರ ಬಣ್ಣದ ಮನಿ ಹಿಂದಿನ ಖೋಲ್ಯಾಗ
ಮೂವತ್ನಾಕು ವರ್ಷದಿಂದ ಮಾತು ನಡದೈತಿ.
ಏನು ಮಾತು ಅಂತ ಕೇಳಬ್ಯಾಡ್ರಿ.
ನೂಲಿನ ರೇಟು, ಗಟಾರ, ದೇವರು ಅದಾನೋ ಇಲ್ಲೋ,
ಬಾಣಂತಿಗೆ ಅಳವಿ ಎಷ್ಟು ದಿನ ಕೊಡಬೇಕು,
ಚಂದ್ರನ ಮ್ಯಾಲೆ ಮನಶಾ ಇಳದದ್ದು ಖರೇನೋ ಖೊಟ್ಟಿನೋ.
ಇದೊಂದಕ್ಕ ಹನ್ನೊಂದು ಸೋಮವಾರ ಹೋದುವು.

ಅಧ್ಯಕ್ಷರಿಲ್ಲ, ಪಾವತಿ ಪುಸ್ತಕ ಇಲ್ಲ.
ಅಂಬೂಬಾಯಿ ಕಬಾಡಿ ಇದ್ದರು.
ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಊರ ಮಂದಿಯ ಮಾತು ಜೋಡಿಸಿ
ಮೂರು ನಿಮಿಷಕ್ಕ ಕಡದು ಪಳಗಿದ ಕೈ.
ಯಾರರೆ ಹದ್ದು ಮೀರಿದ್ರ ಬೈತಿದ್ದಿಲ್ಲ.
ಎದ್ದು ಬಂದು, ಅವರ ಚಾದ ಗ್ಲಾಸು ತಗೊಂಡು
ಡಬ್ಬ ಹಾಕತಿದ್ರು.
ಟಕ್.
ಮುಂದಿನ ಚಾ ಬರೋತನಕ ಅವರು ಬರೇ ಕಿವಿ.

ನಿಯಮ ಬರದು ಗ್ವಾಡಿಗೆ ಹಚ್ಚರಿ ಅಂದ್ರು ಜಯಶೀಲ ಮಾಸ್ತರು.
ಬರದ್ರ ಸಂದಿ ಹುಡಕತಾರ, ಅಂದ್ರು ಬಾಯಿ.

ನನ್ನ ಗ್ಲಾಸು ಹದಿನಾಕು ಸಲ. ಎಣಿಸೇನಿ.
ಮಾಸ್ತರದು ಒಮ್ಮೆ, ಅದೂ ನಕ್ಕದ್ದಕ್ಕ.
ದಾವಲಸಾಬ, ಹೆಂಡತಿ ಜರ್ಮನ್ ದವಾಖಾನ್ಯಾಗ ಇದ್ದ ವಾರ,
ಬಂದು ಕುಂತು ತನ್ನ ಗ್ಲಾಸು ತಾನ ಡಬ್ಬ ಹಾಕ್ಕೊಂಡ.
ಅವತ್ತ ಚಾ ಬಂದರೂ ಅದನ್ನ ಯಾರೂ ಮುಟ್ಟಲಿಲ್ಲ.

ಒಬ್ಬನ ಗ್ಲಾಸು ಮಾತ್ರ ಹೊಳ್ಳಿ ಸವರಾಗಲಿಲ್ಲ.
ಪರಸಪ್ಪ ಕುದರಿಮೋತಿ, ತಕ್ಕಡಿ ರಿಪೇರಿ ಮಾಡಾವ,
ನಮ್ಮೊಳಗ ಎಲ್ಲಾರಕಿಂತ ಶಾಣ್ಯಾ.
ಪ್ಯಾಟಿ ಬಂದ್ ಇದ್ದ ವಾರ
ದಾವಲಸಾಬನ ಮಾರಿ ನೋಡಿ ಒಂದು ಮಾತು ಅಂದ.
ಆ ಮಾತು ಇಲ್ಲಿ ಬರಿಯೂದಿಲ್ಲ.
ಬಾಯಿ ಅಳಿಸಿದ್ದನ್ನ ಕವಿತಿಯೊಳಗ ನಾ ಯಾಕ ಹೊಳ್ಳಿ ಹಚ್ಚಲಿ.
ಅವನ ಗ್ಲಾಸು ಎತ್ತಿ ಬಾಯಿ ಮಾಡದಾಗ ಇಟ್ಟರು.

ವರ್ಷದ ಮ್ಯಾಲೆ ದಾವಲಸಾಬನ ಕೇಳಿದ,
ಅವನ್ನ ಕರಿಯೂಣೇನು ಬಾಯಾರ?
ನೀ ಬಿಟ್ಟು ಕೊಡಬಹುದಪಾ, ದೊಡ್ಡಾಂವ.
ಈ ಖೋಲಿ ಅಷ್ಟು ದೊಡ್ಡದಿಲ್ಲ, ಅಂದ್ರು.
ಅದು ಸರಿನೋ ತಪ್ಪೋ
ಒಂದು ಸೋಮವಾರ ಕುಂತು ಮಾತಾಡೂಣು ಅಂದುಕೋತ
ಪರಸಪ್ಪನ ಸತ್ತ.

ಈಗ ಬಾಯಾರಿಗೆ ಕಿವಿ ಹೋಗ್ಯಾವ.
ಊರಿನ ದನಿ ಎಲ್ಲಾ ಹಾದು ಹೋದ ಕಿವಿ.
ಮಾರಿ ನೋಡಿ ಗ್ಲಾಸು ತಿರುವತಾರ.
ಹೋದ ತಿಂಗಳು ಮಾಸ್ತರು ಉಪ್ಪಿನಕಾಯಿಗೆ ಮಾವು ಹೆಂಗ ಕಡೀಬೇಕಂತ
ಕೈ ಬೀಸಿ ಹೇಳತಿದ್ರು.
ಟಕ್.
ಎಂಬತ್ತು ದಾಟಿದ ಮಾಸ್ತರು ಬಾಯಿ ಮುಚ್ಚಿಗೊಂಡು
ಅರ್ಧ ತಾಸು ಕುಂತರು.
ಯಾರೂ ಏನೂ ಅನ್ನಲಿಲ್ಲ. ಚಾ ತಡಾ ಆತು ಅವತ್ತ.

ನಾವು ಆರು ಮಂದಿ ಉಳದೀವಿ.
ಬಣ್ಣದ ಮನಿ ಮಾರಿದ್ದಾರ, ದೀಪಾವಳಿಗೆ ಖಾಲಿ ಮಾಡಬೇಕು.
ಹೊಸಬರಂದ್ರ ಇಬ್ಬರು ನರ್ಸಿಂಗ್ ಹುಡಗ್ಯಾರು,
ರೇಣುಕಾ ಮತ್ತ ಶಾಹೀನಾ, ಮಾತಿಗೆ ಮಾತು ಕೊಡಾಕ ಗಟ್ಟಿ.
ಚಾ ಬ್ಯಾಡ್ರಿ, ನೀರು ತಂದೀವಿ ಅಂತಾರ.
ಬಾಟ್ಲಿಗೆ ತಿರುಪಿನ ಮುಚ್ಚಳ.
ಬಾಟ್ಲಿ ಡಬ್ಬ ಹಾಕಿದ್ರ
ತನ್ನಷ್ಟಕ್ಕ ತಾನ ಉರುಳಿ ಮೂಲಿಗೆ ಹೋಕ್ಕೈತಿ.
ಹುಡಗ್ಯಾರು ನಗತಾರ. ಮಾತು ಮುಂದುವರೀತೈತಿ.

ಮೊನ್ನೆ ಬಾಯಿ ಚಾ ಪೂರಾ ಕುಡದು
ತಮ್ಮ ಗ್ಲಾಸು ತಾವ ಡಬ್ಬ ಹಾಕಿದರು.
ನನ್ನ ಕಡೆ ನೋಡಿದರು.
ಹದಿನಾಕು ಸಲದಾಂವನ ಕಡೆ ಯಾಕ ನೋಡಿದರೋ.

ಇವತ್ತ ನಾ ಒಬ್ಬನ ಹೋಗಿ
ಗ್ಲಾಸು ಪೇಪರದಾಗ ಸುತ್ತಿ ಚೀಲದಾಗ ಇಟ್ಟೆ.
ಗ್ವಾಡಿ ಮ್ಯಾಲೆ ನೀಲಿ ಬಣ್ಣದ ಕೈ, ಯಾವಾಗಿಂದೋ.
ಮುಂದಿನ ಸೋಮವಾರ ಎಲ್ಲಿ ಕೂಡತೀವಿ, ಗೊತ್ತಿಲ್ಲ,
ಮಾಸ್ತರ ಕಟ್ಟಿ ಮ್ಯಾಲೆ ಆದ್ರೂ ಆತು.
ಕಡೀಕ ಮಾಡದೊಳಗಿಂದು.
ಒಳಗ ಜ್ಯಾಡ ಮನಿ ಕಟ್ಟಿತ್ತು.
ಜ್ಯಾಡನ್ನ ಹೊರಗ ಬಿಟ್ಟೆ.
ಗ್ಲಾಸು ತಗೊಂಡೇನಿ.
ಇನ್ನೂ ತೊಳದಿಲ್ಲ.