ಬಿಳಿಗಾಯಿ

ಸೋಮವಾರ, ಗುರುವಾರ ಬ್ಯಾಡಗಿ ಪ್ಯಾಟಿ ಕೆಂಪಾಕ್ಕೈತಿ.
ಚೀಲದ ಬಾಯಿ ಬಿಚ್ಚಿ ಸಾವ್ಕಾರ
ಒಂದು ಹಿಡಿ ಎತ್ತಿ ಬಿಸಲಿಗೆ ಹಿಡಿತಾನ.
ಖಾರ ಕೇಳಂಗಿಲ್ಲ, ಘಾಟು ನೋಡಂಗಿಲ್ಲ,
ಬಣ್ಣಕ್ಕ ರೇಟು.
ಕಪ್ಪಿಗೆ ತಿರುಗಿದ ಕೆಂಪು,
ಮುದುಕಿ ಕೆನ್ನಿಯಂಗ ಸುಕ್ಕು ಇದ್ರ
ಅದಕ್ಕ ಮ್ಯಾಲಿನ ಚೀಟಿ.

ನಾವು ಹನ್ನೊಂದು ಮಂದಿ ಹೆಂಗಸರು
ತಗಡಿನ ಶೆಡ್ಡಿನ್ಯಾಗ ರಾಶಿ ಮುಂದ ಕುಂತು
ಬಿಳಿಗಾಯಿ ಆರಿಸ್ತೀವಿ.
ಗಿಡದಾಗ ಇದ್ದಾಗ ಇಬ್ಬನಿ ಬಡದದ್ದು,
ಕಣದಾಗ ಹನಿ ಬಿದ್ದು ಬಣ್ಣ ಬಿಟ್ಟದ್ದು,
ಎಡಗೈಲೆ ಹಿಂದಕ್ಕ ಒಗಿಯೂದು.
ಇಪ್ಪತ್ತು ವರ್ಷ ಆತು.
ಕಣ್ಣು ಮುಚ್ಚಿದ್ರೂ ಬೆರಳಿಗೆ ಗೊತ್ತಾಕ್ಕೈತಿ,
ಬಿಳೇದು ಹಗುರ ಇರ್ತೈತಿ.

ಇಂಥಾ ಕೈಲೆ ನಾನು ಟ್ಯೂಬು ತಂದೆ.

ಮಗಳು ಹುಟ್ಟಿದಾಗ ಅತ್ತಿ ದುಪ್ಪಟಿ ಸರಿಸಿ ನೋಡಿ
‘ಹೆಸರರೆ ಬೆಳ್ಳಗಿರ್ಲಿ’ ಅಂದ್ಲು.
ಶ್ವೇತಾ ಅಂತಿಟ್ವಿ.
ಏಳರಾಗ ಕೇಸರಿ ಹಾಲು ಕುಡದದ್ದು,
ಎಂಟರಾಗ ಚಹಾ ಬಿಟ್ಟದ್ದು,
ಎಲ್ಲಾ ದಂಡ ಆಗಿತ್ತು.
ಸಾಲ್ಯಾಗ ಹಾಜರಿ ಕೂಗಿದ್ರ ಹಿಂದಿನ ಬೆಂಚು ನಗ್ತಿತ್ತಂತ.
ನನಗ ಹೇಳಿದ್ದು ಸಾಲಿ ಬಿಟ್ಟಮ್ಯಾಲೆ,
ಅದೂ ಸಿಟ್ಟಿನ್ಯಾಗ.

ಕಡ್ಲಿಹಿಟ್ಟು, ಹಾಲಿನ ಕೆನಿ, ಅರಿಷಿಣ,
ಮಸೂರ ಬ್ಯಾಳಿ ನೆನಸಿ ಒಳ್ಳಾಗ ಅರದು,
ಆ ಬ್ಯಾಸಗಿ ಪೂರ್ತಿ ನಮ್ಮ ಮನ್ಯಾಗ
ತಿನ್ನಾಕ ಕಮ್ಮಿ, ತಿಕ್ಕಾಕ ಜಾಸ್ತಿ.

ಶಿಗ್ಗಾವಿಯವರು ಉಪ್ಪಿಟ್ಟು ತಿಂದು ಹೋದ್ರು,
ಫೋನು ಬರ್ಲಿಲ್ಲ.
ರಾಣೆಬೆನ್ನೂರವರು ನೇರ ಮಂದಿ:
‘ಹುಡುಗಿ ಲಕ್ಷಣ ಐತಿ.
ಬಣ್ಣಕ್ಕ ಎರಡು ತೊಲಿ ಹೆಚ್ಚಿಗಿ ನೋಡ್ರಿ.’
ಕಾಯಿ ಹಸಿ ಅದಾವ ಅಂತ ತೂಕದಾಗ ಮುರದಂಗ.
ಅವರ ಹುಡುಗ ನನ್ನ ಮಗಳಿಗಿಂತ ಕರಿ.
ಅದನ್ನ ಯಾರೂ ಅನ್ಲಿಲ್ಲ.
ನಾನೂ ಅನ್ಲಿಲ್ಲ.

ನಾದಿನಿ ಕಿವ್ಯಾಗ ಹೇಳಿದ್ಲು,
ಬಸ್‌ಸ್ಟ್ಯಾಂಡ್ ಎದುರಿನ ಬಳಿ ಅಂಗಡ್ಯಾಗ ಐತಿ,
ಕೇಳಿದವರಿಗೆ ಕೊಡ್ತಾರ.
ಗುಲಾಬಿ ಡಬ್ಬಿ, ಅಕ್ಷರ ಯಾವ ಭಾಷೇದೋ.
ಹದಿನೈದು ದಿನದಾಗ ಖರೇನ ಬೆಳಗಾದ್ಲು.
ಓಣಿ ಮಂದಿ ತಿರುಗಿ ನೋಡಿದ್ರು.
ನಾನು ಉಬ್ಬಿದೆ, ಸುಳ್ಳು ಯಾಕ ಹೇಳ್ಲಿ,
ಸಂತ್ಯಾಗ ಅಕಿನ್ನ ಮುಂದ ಬಿಟ್ಟುಕೊಂಡು ನಡದೆ.

ಮೂರನೇ ತಿಂಗಳು
ಬುತ್ತಿ ಕೊಡಾಕ ಶೆಡ್ಡಿಗೆ ಬಂದ್ಲು.
ಬಾಗಲದಾಗ ನಿಂತಿದ್ಲು ಅಷ್ಟ.
ಯಾರೋ ಚೀಲ ಝಾಡಿಸಿದ್ರು.
ಹುಟ್ಟಿದಾಗಿಂದ ಈ ಧೂಳಿನ್ಯಾಗ ಬೆಳದಾಕಿ,
ಸೀನು ಸುದ್ದಾ ಬರ್ತಿರ್ಲಿಲ್ಲ ಅಕಿಗೆ,
ಮಾರಿ ಹಿಡಕೊಂಡು ‘ಯವ್ವಾ’ ಅಂತ ಕುಸದ್ಲು.
ಮಾಬೂಬಿ ಕೊಡ ಎತ್ತಿ ನೀರು ಸುರುವಿದ್ಲು.
ನೀರಿಗೂ ಉರಿ.

ಹಾವೇರಿ ಡಾಕ್ಟರಮ್ಮ ಬೈಲಿಲ್ಲ.
ಅದ ತ್ರಾಸ ಆತು.
ತೊಗಲು ತೆಳ್ಳಗಾಗೇತಿ ಅಂದ್ಲು, ಉಳ್ಳಾಗಡ್ಡಿ ಸಿಪ್ಪಿ ಅಷ್ಟು.
ಬಿಸಲು ಬ್ಯಾಡ, ಒಲಿ ಬ್ಯಾಡ, ಘಾಟು ಬ್ಯಾಡ.
ಬ್ಯಾಡಗ್ಯಾಗ ಘಾಟು ಬ್ಯಾಡಂದ್ರ
ಉಸಿರು ಎಲ್ಲಿಂದ ತರೂದ್ರಿ ಬಾಯಾರ?

ಲೆಕ್ಕ ಬರಿಯೋ ವಿರುಪಾಕ್ಷಿ ಒಮ್ಮೆ ಹೇಳಿದ್ದ,
ಫ್ಯಾಕ್ಟರ್ಯಾಗ ಕಾಯಿ ಹಿಂಡಿ ಬಣ್ಣ ತಗೀತಾರ,
ಅದು ಡಬ್ಬಿ ಸೇರಿ ಪರದೇಶದಾಗ
ತುಟಿಗೆ ಹಚ್ಚೊಂತಾರ ಅಂತ.
ಅವತ್ತು ನಕ್ಕಿದ್ವಿ,
ನಮ್ಮ ಬೆರಳಿನ ಉರಿ ಯಾರದೋ ಮುತ್ತಿನ್ಯಾಗ.
ಈಗ ರಾತ್ರಿ ನೆನಪಾಕ್ಕೈತಿ.
ನನ್ನ ಮಗಳಿಂದ ಹಿಂಡಿದ್ದು
ಯಾವ ಡಬ್ಬಿಗೆ ಹೋತು?

ಕೆನ್ನಿ ಮ್ಯಾಲೆ ಈಗ ಎರಡು ಬಣ್ಣ.
ಕತ್ತಲಾದಮ್ಯಾಲೆ ಪಡಸಾಲ್ಯಾಗ ಬಂದು ಕುಂದರ್ತಾಳ.
ಮೊನ್ನೆ ನನ್ನ ಸೀರಿ ನೆರಿಗ್ಯಾಗ ಸಿಕ್ಕಿದ್ದ
ಒಂದು ಬಿಳಿಗಾಯಿ ತಗದು
ಲೈಟಿಗೆ ಹಿಡದು ನೋಡಿದ್ಲು.
ಒಳಗಿನ ಬೀಜ ಕಾಣ್ತಿದ್ವು.
‘ಇದಕ್ಕ ರೇಟು ಎಷ್ಟವ್ವ?’
ನಾನು ರೊಟ್ಟಿ ಬಡಿಯಾಕ ಹತ್ತಿದ್ದೆ.
ಬಡದೆ.

ಟ್ಯೂಬು ಇನ್ನಾ ಅರ್ಧ ಐತಿ,
ಮಾಡದಾಗ, ದೀಪದ ಹಿಂದ.
ಚೆಲ್ಲಬೇಕು.
ಮುನ್ನೂರು ರೂಪಾಯಿ ಅದು, ನಂದೊಂದು ದಿನದ ಕೂಲಿ.
ಐತವಾರ ಹಾನಗಲ್ಲಿನವರು ಬರ್ತಾರ.